ಹೊಸ್ತಿಲಾಚೆ ಕಲಿಸಿದ ‘ಎನಿ’

ಅಂಧೇರಿ ಸ್ಟೇಷನ್ನಿನ ಸೇತುವೆ ಹತ್ತುವಷ್ಟರಲ್ಲೇ ನನ್ನ ಅರ್ಧ ಇಂಗ್ಲಿಷ್ ಖಾಲಿಯಾಗಿರುತ್ತಿತ್ತು. ಬೆಳಿಗ್ಗೆ ಸಯನ್‌ನಲ್ಲಿರುವ ನನ್ನ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್. ಆಮೇಲೆ ಲೋಕಲ್ ಹಿಡಿದು ದಾದರ್, ಅಲ್ಲೊಂದು ಸೇತುವೆ, ವೆಸ್ಟರ್ನ್ ಲೈನಿನ ಇನ್ನೊಂದು ಲೋಕಲ್, ಅಂಧೇರಿಯಲ್ಲಿ ಮತ್ತೊಂದು ಸೇತುವೆ, ಕೊನೆಗೆ ಮೆಟ್ರೋ. ಮೊಣಕಾಲು ಪ್ರತಿ ಮೆಟ್ಟಿಲಿಗೂ ತಕರಾರು ತೆಗೆಯುತ್ತಿತ್ತು. ಇಷ್ಟೆಲ್ಲ ಮಾಡಿ ಹೋಗುತ್ತಿದ್ದದ್ದು ಮೆಟ್ರೋ ಕಂಬಗಳ ಪಕ್ಕದ ಒಂದು ಉಡುಪಿ ಹೋಟೆಲಿಗೆ, ಅದೂ ತಿನ್ನಲಿಕ್ಕಲ್ಲ, ಕಲಿಸಲಿಕ್ಕೆ.

ಆ ಹೋಟೆಲಿನ ಧಣಿಗಳಿಗೆ ಪಕ್ಕದ ಗಾಜಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಊಟದ ಕೌಂಟರ್ ನಡೆಸುವ ಅವಕಾಶ ಬಂದಿತ್ತು. ಅಲ್ಲಿ ಹೊರದೇಶದವರೂ ಬರುತ್ತಾರೆ, ಆದ್ದರಿಂದ ಕೌಂಟರಿನಲ್ಲಿ ನಿಲ್ಲುವವರಿಗೆ ಇಂಗ್ಲಿಷ್ ಬರಲೇಬೇಕು ಎಂಬುದು ಕಟ್ಟಡದವರ ಷರತ್ತು. ಅವರ ಕಡೆಯ ಅಡ್ಮಿನ್ ಮೇಡಂ ಒಬ್ಬರು ಖುದ್ದಾಗಿ ಬಂದು ಒಬ್ಬೊಬ್ಬರನ್ನೇ ಮಾತಾಡಿಸಿ ಆರಿಸುತ್ತಾರಂತೆ. ಅಷ್ಟರೊಳಗೆ ತಯಾರು ಮಾಡುವ ಕೆಲಸ ನನ್ನದು. ಸಮಯವೆಂದರೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವು. ಜಾಗವೆಂದರೆ ಅಡುಗೆಮನೆಗೆ ತಾಗಿದ ಎಸಿ ರೂಮು. ಬಡಿಸುವ ಕಿಟಕಿಯ ಆಚೆ ಒಲೆ, ಈಚೆ ನನ್ನ ಬೋರ್ಡು.

ಕ್ಲಾಸಿನಲ್ಲಿ ಇದ್ದವರು ನಾಲ್ವರು ಸಪ್ಲೈಯರುಗಳು. ಎಲ್ಲರೂ ಕರಾವಳಿಯವರು. ಅವರಲ್ಲಿ ಹಿರಿಯರಾದ ಒಬ್ಬರ ತಲೆ ಪೂರ್ತಿ ನರೆತಿತ್ತು. ಐದನೆಯವಳು ಪಾತ್ರೆ ತೊಳೆಯುವ ವಿಜಯಪುರದ ಕಡೆಯ ಹೆಂಗಸು. ಮೊದಲ ದಿನ ಅವಳು ಬಾಗಿಲ ಬಳಿ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡು ನಿಂತಿದ್ದಳು. ಮ್ಯಾನೇಜರರು ನನ್ನನ್ನು ಪಕ್ಕಕ್ಕೆ ಕರೆದರು.

“ಟೀಚರ್, ಇವರನ್ನೂ ಒಂದು ಕೂರಿಸಿಕೊಳ್ಳಿ. ಕೈ ನೋಡಿ ಅವರದ್ದು. ಡಾಕ್ಟ್ರು ಇನ್ನು ನೀರು ಮುಟ್ಲಿಕ್ಕೇ ಬಾರದು ಹೇಳಿದ್ದಾರೆ. ನೀರು ಮುಟ್ಟದ ಕೆಲಸ ಇಲ್ಲಿ ಎಂತ ಉಂಟು ಹೇಳಿ? ಮೇಲಿನ ಕೌಂಟರ್ ಸಿಕ್ಕಿದ್ರೆ ಸಿಕ್ತು, ಇಲ್ಲದಿದ್ರೆ ಪಾಪ ಊರಿಗೆ ಹೋಗುದೇ.”

ಅವಳು ಕೈ ತೋರಿಸಿದಳು. ಬೆರಳ ಸಂದಿಗಳೆಲ್ಲ ಬಿರಿದು ಬಿಳಿಚಿಕೊಂಡಿದ್ದವು. ಮೇಲೆ ನೇರಳೆ ಬಣ್ಣದ ಔಷಧ. ರಬ್ಬರ್ ಗ್ಲೌಸು ಹಾಕಿಕೊಂಡರೆ ಒಳಗೆ ಬೆವತು ಇನ್ನೂ ಉರಿಯುತ್ತದಂತೆ. “ಸಾಲ್ಯಾಗ ಏಳನೇತ್ತಾ ಮಟಾ ಕಲ್ತೀನ್ರಿ ಅಕ್ಕೋರ, ಎ ಬಿ ಸಿ ಡಿ ಬರ್ತದ್ರಿ,” ಎಂದಳು. ಅವಳ ಸೀಮೆಯಲ್ಲಿ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಮುಂಬೈಯಲ್ಲಿ ಮೇಡಂ, ಮಿಸ್, ಮರಾಠಿಯವರಿಗೆ ‘ಬಾಯಿ’ ಎಲ್ಲ ಆಗಿದ್ದ ನಾನು ಅಂದಿನಿಂದ ಅಕ್ಕೋರೂ ಆದೆ. ಕೂರು ಎಂದೆ.

ನನಗೊಂದು ಹಟವಿತ್ತು. ಕ್ಲಾಸು ಶುರುವಾದ ಮೇಲೆ ಕನ್ನಡ, ತುಳು, ಹಿಂದಿ ಎಲ್ಲವೂ ಬಂದ್. ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ ಆಡಬೇಕು. ಕನ್ನಡದಲ್ಲಿ ಅರ್ಥ ಹೇಳಿ ಹೇಳಿ ಮಕ್ಕಳನ್ನು ಕೆಡಿಸಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೆ. ಆ ಹಟ ಮುಂದೆ ಎಲ್ಲಿ ಕೈಕೊಟ್ಟಿತೆಂದು ಹೇಳುತ್ತೇನೆ.

ಮೊದಲು ಇಂಗ್ಲಿಷಿನಲ್ಲಿ ಒಂದು ಎಂಬರ್ಥದ ‘ಅ’ ಮತ್ತು ‘ಆನ್’. ಪುಸ್ತಕದ ಆಪಲ್, ಅಂಬ್ರೆಲ್ಲಾಗಳನ್ನು ಬದಿಗಿಟ್ಟು ಅಡುಗೆಮನೆಯಿಂದಲೇ ಸಾಮಾನು ತರಿಸಿದೆ. ಅ ವಡಾ, ಅ ಸ್ಪೂನ್, ಆನ್ ಇಡ್ಲಿ, ಆನ್ ಎಕ್ಸ್‌ಟ್ರಾ ಪ್ಲೇಟ್. ಇದು ಸಲೀಸಾಗಿ ಹೋಯಿತು. ‘ದಿ’ಯನ್ನು ಟೇಬಲ್ಲುಗಳ ಮೇಲೆ ಕಲಿಸಿದೆ. ಗಿರಾಕಿ ಮೊದಲ ಸಲ ಕೇಳುವಾಗ ಅ ದೋಸಾ. ಕೇಳಿದ್ದು ಯಾವುದೆಂದು ನಿಮಗೂ ಅವರಿಗೂ ಗೊತ್ತಾದ ಮೇಲೆ, ತಂದು ಇಡುವಾಗ, ದಿ ದೋಸಾ. ಹಿರಿಯ ಸಪ್ಲೈಯರು ಖಾಲಿ ತಟ್ಟೆ ಹಿಡಿದು ಗಂಭೀರವಾಗಿ ನಡೆದು ಬಂದು “ಯುವರ್ ದೋಸಾ ಸರ್, ದಿ ದೋಸಾ” ಎನ್ನುತ್ತಿದ್ದರು. ಎರಡೂ ಒಟ್ಟಿಗೆ ಬೇಡ ಎಂದರೆ ಕೇಳುತ್ತಿರಲಿಲ್ಲ. ಬಿಟ್ಟುಬಿಟ್ಟೆ.

‘ಸಮ್’ ಬಂದಾಗ ಮೊದಲ ಪೆಟ್ಟು ಬಿತ್ತು. ಅನ್ನ, ಸಾಂಬಾರು, ಚಟ್ನಿ, ನೀರು ಇವುಗಳನ್ನು ಎಣಿಸಲಾಗದು, ಆದ್ದರಿಂದ ಅವಕ್ಕೆ ‘ಅ’ ಹತ್ತುವುದಿಲ್ಲ, ‘ಸಮ್’ ಎನ್ನಬೇಕು ಎಂದು ಬೋರ್ಡಿನಲ್ಲಿ ಬರೆದೆ. ನಾಲ್ವರು ಸಪ್ಲೈಯರುಗಳೂ ನನ್ನನ್ನು ಕನಿಕರದಿಂದ ನೋಡಿದರು. ಅವರ ಲೋಕದಲ್ಲಿ ಎಣಿಸಲಾಗದ್ದು ಯಾವುದೂ ಇಲ್ಲ. ಒಂದು ಅನ್ನ, ಎರಡು ಸಾಂಬಾರು, ಮೂರು ಪಾಣಿ, ಅರ್ಧ ಚಹಾ. ಇಡೀ ಜೀವನ ಹಾಗೆ ಕೂಗಿಕೊಂಡೇ ಬಂದವರಿಗೆ ಅನ್ನ ಎಣಿಸಲಾಗದು ಎಂದರೆ ಹೇಗೆ ಒಪ್ಪುತ್ತಾರೆ? ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಬಟ್ಟಲುಗಳನ್ನು ತೆಗೆಸಿ, ಸಾಂಬಾರನ್ನು ಸೌಟಿನಿಂದ ನೇರ ತಟ್ಟೆಗೆ ಸುರಿಸಿದೆ. ಬಟ್ಟಲಿದ್ದರೆ ಅ ಬೌಲ್, ಬಟ್ಟಲಿಲ್ಲದೆ ಹರಿದದ್ದು ಸಮ್. ಟೇಬಲ್ಲೆಲ್ಲ ಗಲೀಜಾಯಿತು, ಕ್ಲೀನರ್ ಗೊಣಗಿದ, ಆದರೆ ವಿಷಯ ತಲೆಗೆ ಹೋಯಿತು. ಎಲ್ಲರಿಗಿಂತ ಮೊದಲು ಹಿಡಿದವಳು ಆ ವಿಜಯಪುರದವಳೇ. ಮರುದಿನ ನಾನು ಊಟಕ್ಕೆ ಕೂತಾಗ ಸಿಂಕಿನ ಕಡೆಯಿಂದ ಕತ್ತು ಚಾಚಿ “ಸಮ್ ಮಜ್ಜಿಗಿ, ಅಕ್ಕೋರ?” ಎಂದು ಕೇಳಿದಳು. ಅಂದು ನನಗೆ ಸಂತೋಷವಾಯಿತು, ಮೊಣಕಾಲನ್ನೂ ಮರೆತೆ.

ಆಮೇಲೆ ಬಂತು ‘ಎನಿ’.

ಪ್ರಶ್ನೆಗೆ ಎನಿ, ಇಲ್ಲ ಎನ್ನಲಿಕ್ಕೂ ಎನಿ. ಡು ಯು ಹ್ಯಾವ್ ಎನಿ ರೈಸ್? ಸಾರಿ, ವಿ ಡೋಂಟ್ ಹ್ಯಾವ್ ಎನಿ. ಇಷ್ಟೇ. ಟ್ಯೂಷನ್ನಿನ ಮಕ್ಕಳು ಒಂದೇ ಕೂತಲ್ಲಿ ಕಲಿಯುವ ಪಾಠ. ಇಲ್ಲಿ ಬಂಡಿ ಹೂತುಹೋಯಿತು. ಅನ್ನ ಇದೆಯೇ ಎಂದು ಕೇಳಿದರೆ ಒಬ್ಬ “ಎಸ್ ಸರ್, ಕಮಿಂಗ್” ಎನ್ನುತ್ತಾನೆ. ಮುಗಿದಿದೆ ಎಂದುಕೊಂಡು ಉತ್ತರ ಹೇಳು ಎಂದರೆ “ಫೈವ್ ಮಿನಿಟ್” ಎನ್ನುತ್ತಾನೆ. ಹಿರಿಯರು ಮುಗುಳ್ನಕ್ಕು “ಸರ್, ಹಾಟ್ ಹಾಟ್ ಇಡ್ಲಿ?” ಎನ್ನುತ್ತಾರೆ. ಅವಳಂತೂ ಒಲೆಯ ಕಡೆ ಒಮ್ಮೆ ನೋಡಿ ತುಟಿ ಬಿಗಿದುಬಿಡುತ್ತಾಳೆ. ನಾನು ಬಾಯಿಪಾಠ ಮಾಡಿಸಿದೆ. ಗುಂಪಿನಲ್ಲಿ ಗೊಣಗೊಣ ಎನ್ನುವರು, ಒಬ್ಬೊಬ್ಬರನ್ನೇ ಎಬ್ಬಿಸಿದರೆ ಮತ್ತೆ ಕಮಿಂಗ್, ಫೈವ್ ಮಿನಿಟ್. ದಿನವೂ ಅದೇ. ನನ್ನ ಗಂಟಲು ಒಡೆಯಿತು. ರೇಗಿದೆ, ಡಸ್ಟರ್ ಎಸೆದೆ, ಇವರಿಗೆ ಕಲಿಯುವ ಮನಸ್ಸೇ ಇಲ್ಲ ಎಂದು ಮ್ಯಾನೇಜರರ ಹತ್ತಿರ ದೂರಿದೆ.

“ಹೇಳಿಕೊಡಿ ಟೀಚರ್, ಕಲೀತಾರೆ,” ಎಂದು ಅವರು ಲೆಕ್ಕದ ಕಡೆ ತಿರುಗಿಕೊಂಡರು.

ಎನಿಯನ್ನು ಬಿಟ್ಟೇಬಿಡೋಣ ಎಂದೂ ಯೋಚಿಸಿದೆ. ಇಡ್ಲಿ ದೋಸೆ ಮಾರುವುದಕ್ಕೆ ಇಷ್ಟು ವ್ಯಾಕರಣ ಯಾಕೆ? ಆದರೆ ಅಡ್ಮಿನ್ ಮೇಡಂ ಫೋನಿನಲ್ಲಿ ಒಂದು ಮಾತು ಒತ್ತಿ ಹೇಳಿದ್ದರು. ಬರುವವರಲ್ಲಿ ಕೆಲವರಿಗೆ ಕಡಲೆಕಾಯಿ ತಿಂದರೆ ಗಂಟಲೇ ಕಟ್ಟುತ್ತದೆ, ಇದರಲ್ಲಿ ಅದು ಇದೆಯೇ ಎಂದು ಕೇಳಿದಾಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಸರಿಯಾಗಿ ಹೇಳಲೇಬೇಕು. ಅದನ್ನು ಕೇಳಿ ನೋಡೋಣವೆಂದು ನಾನು ಗಿರಾಕಿಯಾಗಿ ಕೂತೆ. ಈಸ್ ದೇರ್ ಎನಿ ಪೀನಟ್ ಇನ್ ದಿ ಚಟ್ನಿ?

“ಎಸ್ ಎಸ್ ಮೇಡಂ, ಕಮಿಂಗ್,” ಎಂದರು ಹಿರಿಯ ಸಪ್ಲೈಯರು.

ಆ ಹೋಟೆಲಿನ ಚಟ್ನಿಯಲ್ಲಿ ಕಡಲೆಕಾಯಿ ಹಾಕುವುದೇ ಇಲ್ಲ. ಇವತ್ತು ಇಲ್ಲದ್ದಕ್ಕೆ ಹೌದು ಎಂದವರು ನಾಳೆ ಇದ್ದದ್ದಕ್ಕೆ ಏನೆನ್ನುತ್ತಾರೋ! ಎನಿ ಎಂಬ ಸದ್ದು ಕೇಳಿದರೆ ಸಾಕು, ತಪ್ಪಿಸಿಕೊಂಡು ಓಡುವುದನ್ನು ಇವರು ಕಲಿತುಬಿಟ್ಟಿದ್ದರು, ಅದನ್ನು ಕಲಿಸಿದವಳು ನಾನೇ. ಪರೀಕ್ಷೆಗೆ ವಾರವೂ ಉಳಿದಿರಲಿಲ್ಲ. ಅವತ್ತು ಲೋಕಲ್‌ನಲ್ಲಿ ಸೀಟು ಸಿಕ್ಕಿದರೂ ಕೂರದೆ ನಿಂತೇ ದಾದರ್‌ವರೆಗೆ ಬಂದೆ. ಕೂತರೆ ಏಳಲಾರೆ ಎನಿಸಿತ್ತು.

ಮರುದಿನ ಸ್ವಲ್ಪ ಬೇಗ ಹೋದೆ. ಹೋಟೆಲಿನಲ್ಲಿ ಇನ್ನೂ ಊಟದ ಗಲಾಟೆ. ನಾನು ಮೂಲೆಯ ಟೇಬಲಿನಲ್ಲಿ ಕೂತಿದ್ದಾಗ ಒಬ್ಬ ಗಿರಾಕಿ ತಡವಾಗಿ ಬಂದು ಊಟ ಕೇಳಿದ. ಅನ್ನದ ಹಂಡೆ ಬರಿದಾಗಿದ್ದು ನನಗೇ ಕಾಣುತ್ತಿತ್ತು. ಹಿರಿಯ ಸಪ್ಲೈಯರು ಹಿಂದಿಯಲ್ಲಿ, “ಖಾನಾ ಅಭೀ ಅಭೀ ಹೋ ಗಯಾ ಸಾಬ್, ಗರಮ್ ಟಿಫಿನ್ ಹೈ, ಬೈಠಿಯೆ,” ಎಂದರು. ಒಳಗೆ ತಿರುಗಿ “ಭಟ್ರೆ, ಅನ್ನ ತುಂಬಿತು” ಎಂದು ಕೂಗಿದರು. ನಾನು ಸುಮ್ಮನೆ ಕೇಳುತ್ತಾ ಕೂತೆ. ಅಷ್ಟು ಹೊತ್ತಿನಲ್ಲಿ ಆ ಹೋಟೆಲಿನೊಳಗೆ ಒಬ್ಬರ ಬಾಯಿಂದಲೂ ‘ಇಲ್ಲ’ ಎಂಬ ಮಾತು ಬರಲಿಲ್ಲ.

ಎದ್ದು ಹಿಂದುಗಡೆ ಹೋದೆ. ಬೇರೆ ಕೆಲಸ ಸಿಗುವವರೆಗೆ ಸಿಂಕು ತಪ್ಪದ ಅವಳು ಆ ಅನ್ನದ ಹಂಡೆಯನ್ನು ತೊಳೆಯಲು ಎಳೆದುಕೊಂಡಿದ್ದಳು. ತೊಳೆಯುವ ಮೊದಲು ತಳದಲ್ಲಿದ್ದ ನಾಲ್ಕು ಅಗುಳನ್ನು ಒಂದು ಬಟ್ಟಲಿಗೆ ತೆಗೆದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಕ್ಲಾಸು ಶುರುವಾಗಿರಲಿಲ್ಲ, ಆದ್ದರಿಂದ ಕನ್ನಡದಲ್ಲೇ ಕೇಳಿದೆ.

“ಏನದು?”

“ಒಲಿ ಮುಂದ ಪೂರಾ ಬರೇದ ಮಾಡಬಾರದ್ರಿ ಅಕ್ಕೋರ. ಒಂದೀಟರ ಇರಬೇಕ್ರಿ.”

“ಅದಕ್ಕೇನಾ ನೀನು ವಿ ಡೋಂಟ್ ಹ್ಯಾವ್ ಎನಿ ರೈಸ್ ಅನ್ನದೇ ಇರೋದು?”

ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. “ಒಲಿ ಉರಿಯಾಕತ್ತಿದ್ದಲ್ಲಿ ನಿಂತು ಅನ್ನ ಇಲ್ಲ ಅಂತ ಹೆಂಗ ಅನ್ನೂದ್ರಿ? ಸಣ್ಣಾಕಿದ್ದಾಗ ಒಮ್ಮೆ ಅಂದಿದ್ದೆ, ನಮ್ಮವ್ವ ಬಾಯಿ ಮ್ಯಾಲ ಕೊಟ್ಟಿದ್ಲು. ಆ ಸಪ್ಲೈಯರ್ ಮಂದೀನೂ ಅನ್ನೂದಿಲ್ರಿ, ಮ್ಯಾನೇಜರ್ ಸಾಹೇಬರೂ ಅನ್ನೂದಿಲ್ಲ. ಅನ್ನ ಹಾಕೂ ಮನೀರಿ ಇದು.”

“ಇಷ್ಟು ದಿನ ಬಾಯಿ ಬಡಕೊಂಡೆನಲ್ಲ, ಮೊದಲೇ ಹೇಳಬಾರದಿತ್ತಾ?”

“ಕ್ಲಾಸಿನ್ಯಾಗ ಕನ್ನಡ ಆಡಬ್ಯಾಡಂದ್ರಿ. ಇದನ್ನ ಇಂಗ್ಲಿಷನ್ಯಾಗ ಹೇಳಾಕ ನನಗೆಲ್ಲಿ ಬರ್ತದ್ರಿ?”

ನನ್ನ ಅಮ್ಮನೂ ಡಬ್ಬಿಯಲ್ಲಿ ಅಕ್ಕಿ ಮುಗಿದಾಗ “ಅಕ್ಕಿ ತುಂಬಿದೆ, ಅಂಗಡಿಗೆ ಹೋಗಿ ಬಾ” ಎನ್ನುತ್ತಿದ್ದಳು. ಮಾಟುಂಗದ ಅಂಗಡಿಗೆ ಹೋಗಿ ನಾನೇ ಎಷ್ಟೋ ಸಲ ತಂದಿದ್ದೇನೆ. ಇವರನ್ನು ಒಲೆಯ ಎದುರಿಗೇ ಕೂರಿಸಿ, ಅನ್ನವಿಲ್ಲ, ಹಾಲಿಲ್ಲ, ಉಪ್ಪಿಲ್ಲ ಎಂದು ದಿನವೂ ಜಪ ಮಾಡಿಸುತ್ತಿದ್ದೇನೆ ಎಂದು ಹೊಳೆದಿರಲೇ ಇಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ತಾಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅವರು ಅರ್ಥವಾದದ್ದರಿಂದಲೇ ಬಾಯಿ ಬಿಡುತ್ತಿರಲಿಲ್ಲ.

ಮೂಢನಂಬಿಕೆ ಎಂದು ಬೈದು ಹೇಳಿಸಬಹುದಿತ್ತು. ಬೈಯುವ ತ್ರಾಣ ಇರಲಿಲ್ಲ. ಇದ್ದರೂ ಬೈಯುತ್ತಿದ್ದೆನೆಂದು ತೋರುವುದಿಲ್ಲ, ಅಮ್ಮ ಕಣ್ಣೆದುರು ಬಂದು ನಿಂತಿದ್ದಳು. ನಾನು ಬೋರ್ಡು ಎತ್ತಿಕೊಂಡು ಹೊರಗೆ ನಡೆದೆ.

“ಎಂತ ಟೀಚರ್, ಎಲ್ಲಿಗೆ?” ಮ್ಯಾನೇಜರರು ಗಾಬರಿಯಾದರು.

“ಎನಿ ಪಾಠ ಇನ್ನು ಹೊಸ್ತಿಲ ಆಚೆ.”

“ಆ ಬಿಸಿಲಲ್ಲಿ, ರಿಕ್ಷಾಗಳ ಮಧ್ಯೆ? ಒಳಗೆ ಎಸಿ ಉಂಟಲ್ಲ ಮಾರಾಯ್ರೆ!”

“ಎಸಿಯ ಪಕ್ಕ ಒಲೆಯೂ ಉಂಟು. ಅನ್ನ ಇಲ್ಲ ಅಂತ ಅಲ್ಲಿ ನಿಂತು ನೀವು ಹೇಳ್ತೀರಾ?”

ಅವರು ತಾವೇ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಹೊತ್ತು ತಂದು ಮೆಟ್ರೋ ಕಂಬದ ನೆರಳಿನಲ್ಲಿ ಹಾಕಿದರು. “ಒಳ್ಳೇದಾಯ್ತು ಟೀಚರ್,” ಎಂದರು ಮೆಲ್ಲಗೆ.

ಅಂದಿನಿಂದ ಹೊಸ ಕ್ರಮ. ಒಳಗೆ ಅ, ಆನ್, ದಿ, ಸಮ್. ಹೊರಗೆ ಎನಿ. ಮೇಲೆ ಮೆಟ್ರೋ ಹೋಗುವಾಗ ಎಲ್ಲರೂ ಬಾಯಿ ಮುಚ್ಚಿ ಕಾಯುವುದು, ಹೋದ ಮೇಲೆ “ವಿ ಡೋಂಟ್ ಹ್ಯಾವ್ ಎನಿ” ಎಂದು ಕೂಗುವುದು. ರಿಕ್ಷಾದವರು ನಕ್ಕರು, ನಗಲಿ. ಹಿರಿಯ ಸಪ್ಲೈಯರಂತೂ ಇಷ್ಟು ವರ್ಷ ನುಂಗಿಕೊಂಡಿದ್ದ ಇಲ್ಲಗಳನ್ನೆಲ್ಲ ಒಂದೇ ಸಲ ಹೊರಹಾಕುವಂತೆ ನೋ ರೈಸ್, ನೋ ಶುಗರ್, ನಾಟ್ ಎನಿ, ನಾಟ್ ಎನಿ ಎಂದು ಅಬ್ಬರಿಸುತ್ತಿದ್ದರು. ಎನಿಯ ಭಯ ಹೋದದ್ದೇ ಕಡಲೆಕಾಯಿಯ ಉತ್ತರವೂ ಸರಿಹೋಯಿತು. ಚಟ್ನಿಯಲ್ಲಿ ಕಡಲೆಕಾಯಿ ಇಲ್ಲ ಎನ್ನಲು ಒಲೆಯ ಎದುರಿಗೂ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಪರೀಕ್ಷೆ ನಡೆಯುವುದು ಒಳಗೆ.

ಪರೀಕ್ಷೆಯ ದಿನ ಅಡ್ಮಿನ್ ಮೇಡಂ ಊಟದ ಹೊತ್ತಿಗೆ ಸರಿಯಾಗಿ ಬಂದರು. ಚಿಕ್ಕ ವಯಸ್ಸು, ಕೊರಳಲ್ಲಿ ಕಾರ್ಡು, ಮುಖದಲ್ಲಿ ನನ್ನಷ್ಟೇ ಸುಸ್ತು. ಎಸಿ ರೂಮಿನಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದರು. ಕಿಟಕಿಯ ಆಚೆ ಅನ್ನ ಹಬೆಯಾಡುತ್ತಿತ್ತು. ಹಿರಿಯ ಸಪ್ಲೈಯರು ದಿ ದೋಸಾವನ್ನೇ ಹಿಡಿದುಕೊಂಡು ದಡ ಸೇರಿದರು. ಮಿಕ್ಕ ಮೂವರೂ ಹೇಗೋ ಪಾರಾದರು. ಅವರಿಗೆ ಮುಗಿದು ಹೋದದ್ದರ ಪ್ರಶ್ನೆ ಬರಲಿಲ್ಲ.

ಕೊನೆಗೆ ಅವಳು. ಒಗೆದ ಸೀರೆ, ಮೇಲೆ ಹೋಟೆಲಿನ ಏಪ್ರನ್. ಕೈಗಳನ್ನು ಟ್ರೇಯ ಅಡಿಗೆ ಮರೆಮಾಡಿದ್ದಳು. ಚಮಚ ಕೇಳಿದರೆ ಅ ಸ್ಪೂನ್ ತಂದಳು. “ಸಮ್ ಚಟ್ನಿ, ಮೇಡಂ?” ಎಂದು ತಾನೇ ಕೇಳಿದಳು. ಕಡಲೆಕಾಯಿಯ ಪ್ರಶ್ನೆ ಬಂತು. “ನೋ ಮೇಡಂ, ದೇರ್ ಈಸಂಟ್ ಎನಿ ಪೀನಟ್. ಕೋಕೊನಟ್ ಓನ್ಲಿ.” ಮೂಲೆಯಲ್ಲಿ ಕೂತಿದ್ದ ನಾನು ತಲೆಯಾಡಿಸಿದೆ.

“ಗುಡ್,” ಎಂದರು ಅಡ್ಮಿನ್ ಮೇಡಂ. “ನೌ ಸಪೋಸ್ ದಿ ರೈಸ್ ಈಸ್ ಓವರ್. ಡು ಯು ಹ್ಯಾವ್ ಎನಿ ರೈಸ್?”

ಅವಳು ಕಿಟಕಿಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಸುಳ್ಳಿಗಾದರೂ ಒಮ್ಮೆ ಅಂದುಬಿಡೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಡ್ಮಿನ್ ಮೇಡಂ ಮತ್ತೊಮ್ಮೆ ಕೇಳಿದರು, ಈ ಸಲ ಕೈಗಡಿಯಾರ ನೋಡುತ್ತಾ.

“ಒನ್ ಮಿನಿಟ್, ಮೇಡಂ,” ಎಂದು ಅವಳು ಟ್ರೇ ಕೆಳಗಿಟ್ಟಳು. ಎಸಿ ರೂಮಿನಿಂದ ಹೊರಬಿದ್ದು, ಊಟಕ್ಕೆ ಕೂತವರ ನಡುವೆ ಹಾದು, ಹೊಸ್ತಿಲು ದಾಟಿ, ಮೆಟ್ಟಿಲಿಳಿದು ರಸ್ತೆಯಲ್ಲಿ ನಿಂತು ಹೋಟೆಲಿನ ಕಡೆ ತಿರುಗಿದಳು. ಅಲ್ಲಿಂದ ಇಡೀ ಹೋಟೆಲಿಗೆ ಕೇಳುವಂತೆ ಕೂಗಿದಳು: “ಸಾರಿ ಮೇಡಂ! ವಿ ಡೋಂಟ್ ಹ್ಯಾವ್ ಎನಿ ರೈಸ್!”

ಊಟಕ್ಕೆಂದು ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಅದನ್ನು ಕೇಳಿ ಹಾಗೇ ವಾಪಸು ಹೋದರು. ಮ್ಯಾನೇಜರರು ಹಣೆ ಚಚ್ಚಿಕೊಂಡರು.

ಅವಳು ಒಳಗೆ ಬಂದು ಟ್ರೇ ಎತ್ತಿಕೊಂಡು ಮೊದಲಿದ್ದಲ್ಲೇ ನಿಂತಳು. ಅಡ್ಮಿನ್ ಮೇಡಂ ನನ್ನತ್ತ ತಿರುಗಿ “ಯೇ ಕ್ಯಾ ಥಾ?” ಎಂದರು. ಒಲೆಯ ಎದುರು ಅನ್ನವಿಲ್ಲ ಎನ್ನುವುದಿಲ್ಲ, ಇವರಲ್ಲಿ ಹಾಗೆ, ಎಂದಷ್ಟೇ ಹೇಳಿದೆ.

“ಲೇಕಿನ್ ಊಪರ್ ತೋ ದರ್ವಾಜಾ ಲಿಫ್ಟ್ ಕೆ ಪಾಸ್ ಹೈ. ಹರ್ ಬಾರ್ ಲಿಫ್ಟ್ ತಕ್ ಜಾಯೇಗಿ ಕ್ಯಾ?”

ಪ್ರತಿ ಸಲವೂ ಲಿಫ್ಟಿನ ಬಳಿಯ ಬಾಗಿಲವರೆಗೆ ಹೋಗುತ್ತಾಳೆಯೇ ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಅವಳೇ. ಟ್ರೇಯ ಅಡಿಯಿಂದ ಕೈ ಹೊರಗೆ ಬಂತು. ನೇರಳೆ ಬಣ್ಣದ ಬೆರಳಿನಿಂದ ಟೇಬಲಿನ ಆ ಬದಿಯನ್ನೂ ಈ ಬದಿಯನ್ನೂ ತೋರಿಸಿ, “ನಾಟ್ ಲಿಫ್ಟ್, ಮೇಡಂ. ಐ ಕಮ್ ಯುವರ್ ಸೈಡ್. ದೆನ್ ಐ ಸೇ,” ಎಂದಳು.

ಅಡ್ಮಿನ್ ಮೇಡಂ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಊಟ ಮುಗಿಸಿ, “ಟ್ರಯಲ್ ಪೆ ಭೇಜೋ,” ಅವಳನ್ನೂ ಕೆಲವು ದಿನ ಕಳಿಸಿ ನೋಡೋಣ, ಎಂದು ಮ್ಯಾನೇಜರರಿಗೆ ಹೇಳಿ ಹೋದರು. ನನಗೆ ಸಂತೋಷಪಡುವಷ್ಟೂ ಶಕ್ತಿ ಉಳಿದಿರಲಿಲ್ಲ. ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಕೆಲವು ತಿಂಗಳ ಮೇಲೆ ಬೇರೊಂದು ಕೆಲಸಕ್ಕೆ ಅಂಧೇರಿಗೆ ಹೋದವಳು ಆ ಗಾಜಿನ ಕಟ್ಟಡದ ಮೇಲಿನ ಕೌಂಟರಿಗೆ ಹೋದೆ. ಊಟದ ಹೊತ್ತು ಮೀರಿತ್ತು. ಕಟ್ಟೆಯ ಆಚೆ ಅವಳಿದ್ದಳು, ತಲೆಗೆ ಟೋಪಿ, ಎದೆಯ ಮೇಲೆ ಹೆಸರಿನ ಪಟ್ಟಿ. ಹಿಂದುಗಡೆ ಅನ್ನದ ಪಾತ್ರೆ ಬರಿದಾಗಿತ್ತು. ತಳದಲ್ಲಿ ಅವಳು ಉಳಿಸಿದ್ದ ಒಂದು ಹಿಡಿ ಮಾತ್ರ ಇತ್ತು. ನನ್ನನ್ನು ಕಂಡು ಅವಳ ಮುಖ ಅರಳಿತು, ಆದರೆ ನಾನು ಗಿರಾಕಿಯ ಗತ್ತಿನಲ್ಲೇ ನಿಂತು ಕೇಳಿದೆ: “ಡು ಯು ಹ್ಯಾವ್ ಎನಿ ರೈಸ್?”

ಅವಳು ಕಟ್ಟೆಯ ಬದಿಯ ಪುಟ್ಟ ಬಾಗಿಲು ತೆರೆದು ಹೊರಗೆ ಬಂದಳು. ನನ್ನ ಪಕ್ಕದಲ್ಲಿ, ನನ್ನ ಬದಿಗೆ ನಿಂತು, ಮನೆಯವರಿಗೆ ಹೇಳುವಷ್ಟು ಮೆಲ್ಲಗೆ, “ಸಾರಿ ಮೇಡಂ, ವಿ ಡೋಂಟ್ ಹ್ಯಾವ್ ಎನಿ,” ಎಂದಳು. ಹಿಂದೆ ಸಾಲಿನಲ್ಲಿದ್ದ ಹೊರದೇಶದವನೊಬ್ಬ ಇಷ್ಟು ಮರ್ಯಾದೆಯಿಂದ ಇಲ್ಲ ಎನ್ನುವವರನ್ನು ತಾನು ಎಲ್ಲೂ ಕಂಡಿಲ್ಲ ಎಂದು ಜೊತೆಯವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಅವಳು ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಬಟ್ಟಲು ಮಜ್ಜಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟಳು. ಬೆರಳ ಸಂದಿಗಳು ಒಣಗಿ ಹೊಸ ಚರ್ಮ ಬಂದಿತ್ತು.